ರಿಮೋಟಿಗೆ ಗುರ್ತು ಹಿಡಿಸೋದು

ವಿಡಿಯೋ ಗೇಮಿನ ಬಗ್ಗೆ ಕನ್ನಡ ಶಾಲೆಯ ಮಾಸ್ತರ ಬರೆಯುವಂಥದ್ದೇನಿದೆ ಅಂತ ನೀವು ಕೇಳಬಹುದು. ಇದೆ. ಹಳ್ಳಿಯಲ್ಲಿ ಯಾರ ಮನೆಗೆ ಏನು ಹೊಸದು ಬಂದರೂ ಅದರ ಸುದ್ದಿ ಮರುದಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಬಂದಿರುತ್ತದೆ. ಆಕಳು ಕರು ಹಾಕಿದರೂ ಬರುತ್ತದೆ, ಟ್ರ್ಯಾಕ್ಟರ್ ತಂದರೂ ಬರುತ್ತದೆ. ಒಂದು ದೀಪಾವಳಿ ಸೂಟಿಯ ನಂತರ ಹೀಗೆ ಬಂದದ್ದು ವೈರಿಲ್ಲದ ಎರಡು ರಿಮೋಟುಗಳ ಸುದ್ದಿ. ಅದರ ಬೆನ್ನಿಗೇ ನಮ್ಮ ಶಾಲೆಯ ಪಟದ ಮೇಲಿನ ಒಂದು ಹೆಸರು ಉಳಿಯುತ್ತದೋ ಹೋಗುತ್ತದೋ ಅನ್ನುವ ಪ್ರಶ್ನೆಯೂ ಬಂತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಚೆ ಕಡೆಯ ಓದುಗರಿಗೆ ಮೊದಲು ನಮ್ಮ ಜಾಗ ಹೇಳಿಬಿಡುತ್ತೇನೆ. ಉಮರಗಾ ಅಂದರೆ ಸೊಲ್ಲಾಪುರ–ಹೈದರಾಬಾದ ಹೆದ್ದಾರಿಯ ಮೇಲಿನ ಊರು. ಜಿಲ್ಲೆ ಧಾರಾಶಿವ, 2023ರ ತನಕ ಅದಕ್ಕೆ ಉಸ್ಮಾನಾಬಾದ ಅಂತಿದ್ದರು. ನಿಲಂಗಾ, ಉದಗೀರ ಲಾತೂರ ಜಿಲ್ಲೆಯವು. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ ನಮಗೆ ಪರರಾಜ್ಯ ಅನ್ನಿಸುವುದೇ ಇಲ್ಲ, ಅವು ಬೀಗರ ಊರುಗಳು. ಉದಗೀರ, ನಿಲಂಗಾ ಅಂತೂ 1956ರ ನವೆಂಬರ್ 1ರ ತನಕ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಬಜಾರದಲ್ಲಿ ಮರಾಠಿ, ಗ್ಯಾರೇಜಿನಲ್ಲಿ ಹಿಂದಿ. ಪುಸ್ತಕ ಮಾತ್ರ ಪುಣೆಯ ಬಾಲಭಾರತಿ ಅಚ್ಚು ಹಾಕಿಸುವ ಕನ್ನಡ ಪುಸ್ತಕ.

ಇನ್ನು ಗೇಮಿನ ವಿಷಯ. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಸಮುರಾಯ್, ಮೀಡಿಯಾ ಅನ್ನುವ ಟಿವಿ ಗೇಮುಗಳು ನೆನಪಿರಬೇಕು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಲಿ ಕಂಪ್ಯೂಟರಿನ ತಲೆಮಾರಿನವು ಅವು. ಕ್ಯಾಸೆಟ್ ತೆಗೆದು ಬಾಯಿಂದ ಊದಿ ಮತ್ತೆ ಹಾಕುವುದು, ಮಾರಿಯೋ, ಕಾಂಟ್ರಾ, ಬಂದೂಕು ಹಿಡಿದು ಬಾತುಕೋಳಿ ಹೊಡೆಯುವುದು... ರಿಮೋಟಿಗೆ ಗಿಡ್ಡ ವೈರು. ಹಾಗಾಗಿ ಟಿವಿಗೆ ಮೂಗು ಹಚ್ಚಿಕೊಂಡೇ ಕೂಡಬೇಕು, ಹಿಂದಿನಿಂದ ದೊಡ್ಡವರು "ಕಣ್ಣು ಹೋಗ್ತಾವ ನೋಡು" ಅಂತ ಬೈಯಬೇಕು. ಆದರೆ ಆ ವೈರಿನಿಂದ ಒಂದು ಸುಖವಿತ್ತು. ಯಾವ ರಿಮೋಟು ಯಾವ ಡಬ್ಬಿಯದು ಅಂತ ಯಾರೂ ಕೇಳಬೇಕಾಗಿರಲಿಲ್ಲ. ವೈರು ಎಲ್ಲಿ ಹೋಗಿದೆಯೋ ಅದೇ ಅದರ ಮನೆ.

(ಅಂದ ಹಾಗೆ, ಅದರ ಸರಿಯಾದ ಹೆಸರು ಕಂಟ್ರೋಲರ್. ನಮ್ಮ ಮಕ್ಕಳು ಎಲ್ಲದಕ್ಕೂ ರಿಮೋಟ್ ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.)

ವೈರು ಹೋದ ಮೇಲೆ ಈ ಗುರುತಿನ ತಂಟೆ ಶುರುವಾಯಿತು. ನಿಂಟೆಂಡೊದವರೇ 2002ರಲ್ಲಿ ವೇವ್‌ಬರ್ಡ್ ಅನ್ನುವ ವೈರಿಲ್ಲದ ರಿಮೋಟು ತಂದರು. ಅದರಲ್ಲಿ 16 ಅಂಕಿಗಳ ಒಂದು ಸಣ್ಣ ಚಕ್ರ. ರಿಮೋಟಿನಲ್ಲಿ ಐದು ಇಟ್ಟರೆ ಡಬ್ಬಿಯ ಕಡೆಯೂ ಐದೇ ಇಡಬೇಕು, ಆಗ ಎರಡೂ ಮಾತಾಡುತ್ತವೆ. ಆಕಾಶವಾಣಿ ಹುಡುಕಿದ ಹಾಗೆ. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರಲ್ಲಿ ಆ ಅಂಕಿ ತಿರುವುವ ಕೆಲಸ ಇರಲಿಲ್ಲ. ಒಮ್ಮೆ ವೈರು ಹಚ್ಚಿ ಗುಂಡಿ ಒತ್ತಿದರೆ ಸಾಕು, ಡಬ್ಬಿ–ರಿಮೋಟು ಒಂದನ್ನೊಂದು ನೆನಪಿಟ್ಟುಕೊಳ್ಳುತ್ತವೆ. ಇದಕ್ಕೇ ಪೇರಿಂಗ್ ಅನ್ನುವುದು.

ನಮ್ಮ ಕಡೆ ಇಷ್ಟು ದೊಡ್ಡ ಡಬ್ಬಿಗಳು ಬರುವುದು ಕಡಿಮೆ. ಉದಗೀರ, ಉಮರಗಾದ ಮೊಬೈಲ್ ಅಂಗಡಿಗಳಲ್ಲಿ ಸಿಗುವುದು ಗೇಮ್ ಸ್ಟಿಕ್. ಟಿವಿಯ ಎಚ್‌ಡಿಎಂಐ ತೂತಿಗೆ ಸಿಕ್ಕಿಸುವ ಬೆರಳುದ್ದದ ವಸ್ತು, ಜೊತೆಗೆ ಸೆಲ್ ಹಾಕುವ ಎರಡು ರಿಮೋಟು. ಅವಕ್ಕೆ ಗುರ್ತು ಹಿಡಿಸುವ ಗದ್ದಲ ಹೆಚ್ಚಿಲ್ಲ. ಜೊತೆಗೆ ಕೊಡುವ ಸಣ್ಣ ರಿಸೀವರನ್ನು ಯುಎಸ್‌ಬಿ ತೂತಿಗೆ ಹಾಕಿದರೆ ಸಾಮಾನ್ಯವಾಗಿ ತಾನೇ ಹತ್ತುತ್ತದೆ. ಹತ್ತಲಿಲ್ಲವೆಂದರೆ ದೀಪ ಮಿಣುಕುತ್ತಲೇ ಇರುತ್ತದೆ. ಮೊದಲು ಸೆಲ್ ಬದಲಿಸಿ ನೋಡಬೇಕು, ಆಮೇಲೆ ರಿಸೀವರು ತೆಗೆದು ಹಾಕಬೇಕು. ಅಷ್ಟೇ.

ಆದರೆ ನಾನು ಹೇಳಹೊರಟ ಮನೆಗೆ ಬಂದದ್ದು ಹಳೆಯ ಪ್ಲೇಸ್ಟೇಷನ್ 4. ಆ ಮನೆಯ ಹುಡುಗ ಆಗ ನಮ್ಮಲ್ಲಿ ಏಳನೆಯ ತರಗತಿ, ಅವನ ತಂಗಿ ನಾಲ್ಕನೆಯದು. ಅವರ ಸೋದರಮಾವ ಪುಣೆಯಲ್ಲಿ ಒಬ್ಬರ ಕಾರು ಓಡಿಸುತ್ತಾನೆ. ಆ ಮನೆಯವರು ಹೊಸದು ಕೊಂಡು ಹಳೆಯದನ್ನು ಇವನಿಗೆ ಕೊಟ್ಟಿದ್ದರು. ಕೊಡುವ ಮುಂಚೆ ಅದರಲ್ಲಿದ್ದ ತಮ್ಮ ಹೆಸರು, ಲೆಕ್ಕ ಎಲ್ಲ ಅಳಿಸಿದ್ದರು, ಸರಿಯಾದದ್ದೇ. ಆದರೆ ಹಾಗೆ ಅಳಿಸಿದರೆ ರಿಮೋಟುಗಳ ಗುರ್ತೂ ಡಬ್ಬಿಗೆ ಮರೆತುಹೋಗುತ್ತದೆ. ಟಿವಿಗೆ ಹಚ್ಚಿದರೆ ಒಂದೇ ಪರದೆ: ರಿಮೋಟನ್ನು ವೈರಿನಿಂದ ಜೋಡಿಸಿ ನಡುವಿನ ಗುಂಡಿ ಒತ್ತಿರಿ, ಅಂತ ಇಂಗ್ಲಿಷಿನಲ್ಲಿ. ಮಕ್ಕಳು ವೈರು ಹಚ್ಚಿದರು, ಒತ್ತಿದರು. ಏನೂ ಆಗಲಿಲ್ಲ. ಮಾವ ಹಬ್ಬ ಮುಗಿಸಿ ಪುಣೆಗೆ ಹೋದ.

ಮುಂದಿನ ಸೋಮವಾರ ಮಕ್ಕಳ ತಾಯಿ ಶಾಲೆಗೆ ಬಂದರು.

"ಗುರೂಜಿ, ನಮ್ಮ ತಮ್ಮ ಗೇಮ್ ತಂದಾನ್ರಿ. ಡಬ್ಬಿ ಚಾಲೂ ಆಗ್ತದ, ರಿಮೋಟ್ ಹತ್ತವಲ್ದು. ಕನ್ನಡ ಸಾಲಿ ಹುಡುಗ್ರಿಗಿ ಇದೆಲ್ಲ ಎಲ್ಲಿ ತಿಳಿತದ ಅಂತ ನಕ್ಕು ಹೋದ್ನರಿ ಅವ. ನಮಗೂ ಖರೇ ಅನಸ್ತದ. ಜೂನಕ್ಕ ಸಣ್ಣಾಕಿಗಿ ಉಮರಗಾದ ಇಂಗ್ಲಿಷ್ ಸಾಲಿಗಿ ಹಾಕ್ಬೇಕಂತ ಮಾಡೀವ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ನಾಳೆ ಬಿತ್ತನೆ ಅಂತ ಹೇಳುವ ಹಾಗೆ ಹೇಳಿದರು. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಪಟಸಂಖ್ಯೆ ನಲವತ್ತು ದಾಟುವುದಿಲ್ಲ. ವರ್ಷವರ್ಷ ಸಂಚ ಮಾನ್ಯತೆಯ ಹೊತ್ತಿಗೆ ಒಬ್ಬೊಬ್ಬ ಮಗುವನ್ನೂ ಬೆರಳು ಮಡಿಚಿ ಎಣಿಸುತ್ತೇವೆ. ಮಕ್ಕಳು ಕಡಿಮೆಯಾದರೆ ಮಾಸ್ತರು ಕಡಿಮೆ, ಮಾಸ್ತರು ಕಡಿಮೆಯಾದರೆ ಮತ್ತಷ್ಟು ಮಕ್ಕಳು ಕಡಿಮೆ. ಗಡಿ ಶಾಲೆಗಳಲ್ಲಿ ಕೆಲಸ ಮಾಡುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಸಣ್ಣಾಕಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ತಾನು ಓದುವ ಶಾಲೆ ಯಾವ ಕೆಲಸಕ್ಕೂ ಬಾರದು ಅಂತ ಅವ್ವ ಹೇಳುವುದನ್ನು.

"ಶನಿವಾರ ಡಬ್ಬಿ ಸಾಲಿಗಿ ಕಳಸ್ರಿ ಅಕ್ಕಾ, ನೋಡೋಣು" ಅಂದೆ.

ಅಷ್ಟರಲ್ಲಿ ಗಲ್ಲಿಯ ಒಬ್ಬ ಇಂಗ್ಲಿಷ್ ಮೀಡಿಯಂ ಹುಡುಗನನ್ನು ಕರೆದು ತೋರಿಸಿದ್ದರಂತೆ. ಆತ ಪರದೆಯ ಮೇಲಿನದನ್ನು ಸ್ವಚ್ಛವಾಗಿ ಓದಿದ, ಅರ್ಥವನ್ನೂ ಹೇಳಿದ. ಹೇಳಿದ ಹಾಗೇ ಮಾಡಿದರೂ ರಿಮೋಟು ಹತ್ತಲಿಲ್ಲ. ಅಂದರೆ ತೊಂದರೆ ಭಾಷೆಯಲ್ಲಿ ಇರಲಿಲ್ಲ. ಅದು ಎಲ್ಲಿದೆ ಅಂತ ಹುಡುಕುವುದು ಶನಿವಾರದ ಪಾಠವಾಯಿತು.

ಲೋಕವರ್ಗಣಿಯಿಂದ ತಂದ ಟಿವಿ ನಮ್ಮ ಶಾಲೆಯಲ್ಲಿದೆ, ಒಂದು ಹಳೆಯ ಕಂಪ್ಯೂಟರೂ ಇದೆ. ಡಬ್ಬಿ ಹಚ್ಚಿದೆವು. ಆ ಮನೆಯವರು ತಂದ ವೈರು ಬ್ಯಾಟರಿ (ಟಾರ್ಚಿಗೆ ನಮ್ಮ ಕಡೆ ಹಾಗೇ ಅನ್ನುವುದು) ಚಾರ್ಜ್ ಮಾಡುವುದು. ರಿಮೋಟಿಗೆ ಹಚ್ಚಿದರೆ ಕರೆಂಟು ಹೋಗುತ್ತಿತ್ತು, ದೀಪ ಹತ್ತುತ್ತಿತ್ತು, ಆದರೆ ಡಬ್ಬಿಗೆ ಅದು ಬಂದದ್ದೇ ತಿಳಿಯುತ್ತಿರಲಿಲ್ಲ. ಅಂಥದೇ ತುದಿಯ ವೈರು ಮನೆಯಲ್ಲಿದ್ದರೆ ತನ್ನಿ ಅಂದೆ. ಅರ್ಧ ತಾಸಿನಲ್ಲಿ ಏಳು ವೈರು ಬಂದವು: ಪವರ್ ಬ್ಯಾಂಕಿನದು, ಕಿವಿಗೆ ಹಾಕುವ ಬ್ಲೂಟೂತಿನದು, ಹಳೆಯ ಮೊಬೈಲಿನವು... ಈಗಿನ ಹೊಸ ಮೊಬೈಲುಗಳ ತುದಿ ಇದಕ್ಕೆ ಕೂಡುವುದಿಲ್ಲ.

ಯಾವುದು ಒಳ್ಳೆಯದು ಅಂತ ತಿಳಿಯುವುದು ಹೇಗೆ? ಒಂದು ಹಳೆಯ ಮೊಬೈಲನ್ನು ಒಂದೊಂದೇ ವೈರಿನಿಂದ ಕಂಪ್ಯೂಟರಿಗೆ ಹಚ್ಚುತ್ತಾ ಹೋದೆವು. ಎಲ್ಲದರಲ್ಲೂ ಚಾರ್ಜಿನ ಗುರುತು ಬಂತು. ದೊಡ್ಡ ಹುಡುಗರು "ಎಲ್ಲಾ ಚಲೋ ಅವರಿ" ಅಂದುಬಿಟ್ಟರು. ಆಗ ನಾಲ್ಕನೆಯ ತರಗತಿಯ ಆ ಹುಡುಗಿ, "ಗುರೂಜಿ, ಈ ಕರೀ ವೈರ್‌ಗಿ ಮ್ಯಾಲ ಒಂದು ಸಾಲು ಬಂತು, ಉಳದವ್ಕ ಬರ್ಲಿಲ್ಲ" ಅಂದಳು. ಹೌದು. ಒಂದು ವೈರಿಗೆ ಮಾತ್ರ ಮೊಬೈಲಿನ ಮೇಲ್ಗಡೆ ಫೈಲ್ ಕಳಿಸಬೇಕೇ ಅಂತ ಕೇಳುವ ಸಾಲು ಬಂದಿತ್ತು. ಮತ್ತೆ ಮೊದಲಿನಿಂದ ನೋಡಿದೆವು. ಏಳರಲ್ಲಿ ಎರಡೇ ಪಾಸು.

ಉಳಿದ ಐದರಲ್ಲಿ ತುಂಡಾಗಿದ್ದ ಒಂದನ್ನು ಕತ್ತರಿಸಿ ಸಿಪ್ಪೆ ಸುಲಿದು ತೋರಿಸಿದೆ. ಒಳಗೆ ಕೆಂಪು, ಕಪ್ಪು ಎರಡೇ ಎಳೆ. ಸಾಧಾರಣ ಯುಎಸ್‌ಬಿ ವೈರಿನಲ್ಲಿ ನಾಲ್ಕಿರಬೇಕು. ಕೆಂಪು, ಕಪ್ಪು ಕರೆಂಟಿನವು. ಹಸಿರು, ಬಿಳಿ ಮಾತಿನವು. ಈ ವೈರಿಗೆ ಉಣಿಸುವುದು ಗೊತ್ತು, ಮಾತಾಡುವುದು ಗೊತ್ತಿಲ್ಲ ಅಂದೆ. ಮಕ್ಕಳು ನಕ್ಕರು. ಆದರೆ ಆ ಮಾತನ್ನು ಅವರು ಮರೆಯುವುದಿಲ್ಲ ಅಂತ ನನಗೆ ಗೊತ್ತು.

ಕರೀ ವೈರು ಹಚ್ಚಿ ನಡುವಿನ ಪಿಎಸ್ ಗುಂಡಿ ಒತ್ತಿದಾಗ ಪರದೆ ಮುಂದೆ ಸರಿಯಿತು. ರಿಮೋಟಿನ ದೀಪ ನೀಲಿ. ಎರಡನೆಯದನ್ನೂ ಹಾಗೇ ಮಾಡಿದಾಗ ಕೆಂಪು. ಮೊದಲನೆಯ ಆಟಗಾರ ನೀಲಿ, ಎರಡನೆಯವ ಕೆಂಪು, ಮೂರು ಹಸಿರು, ನಾಲ್ಕು ಗುಲಾಬಿ. ನಮ್ಮ ಹಾಜರಿಯ ನಂಬರಿನಂತೆಯೇ. ಕೂಡಲೇ ನೀಲಿ ಯಾರದು ಅಂತ ಅಣ್ಣ–ತಂಗಿಯ ಜಗಳ ಶುರು. ವೈರು ಹುಡುಕಿದಾಕಿ ಯಾರೋ ಅವರದೇ ನೀಲಿ ಅಂತ ತೀರ್ಪು ಕೊಟ್ಟೆ. ಅಣ್ಣ ಕೆಂಪು ಹಿಡಿದು ಕೂತ. ಫುಟ್‌ಬಾಲಿನ ಒಂದು ಡಿಸ್ಕ್ ಇತ್ತು. ಹತ್ತು ಹತ್ತು ನಿಮಿಷದಂತೆ ಎಲ್ಲರೂ ಆಡಿದರು, ಬಾಲು ಯಾವ ಕಡೆ ಒದೆಯಬೇಕು ಅಂತ ಯಾರಿಗೂ ತಿಳಿಯಲಿಲ್ಲ, ಗದ್ದಲಕ್ಕೆ ಮಾತ್ರ ಕಡಿಮೆ ಇರಲಿಲ್ಲ.

ಸೋಮವಾರ ಏಳನೆಯ ತರಗತಿಗೆ ಒಂದು ಕೆಲಸ ಕೊಟ್ಟೆ. ಇದನ್ನು ಯಾರು ಓದಿದರೂ ಮಾಡಬಲ್ಲ ಹಾಗೆ ಕನ್ನಡದಲ್ಲಿ ಬರೆಯಿರಿ.

ಮೊದಲನೆಯ ಶಬ್ದಕ್ಕೇ ಗಾಡಿ ನಿಂತಿತು. ಪೇರಿಂಗಿಗೆ ಏನನ್ನಬೇಕು? ಒಬ್ಬ "ಜೋಡಣೆ" ಅಂದ. ವೈರು ಹಚ್ಚುವುದಕ್ಕೂ ಜೋಡಣೆ ಅಂತೇವೆ, ವೈರು ತೆಗೆದ ಮೇಲೂ ಉಳಿಯುವುದು ಬೇರೆ ತಾನೇ ಅಂತ ಇನ್ನೊಬ್ಬ. "ಬೀಗತನ" ಅಂದ ಮತ್ತೊಬ್ಬ, ಎಲ್ಲರೂ ನಕ್ಕರು. ಕೊನೆಗೆ ಒಬ್ಬ ಹುಡುಗಿ "ಗುರ್ತು ಹಿಡಿಸೋದು" ಅಂದಳು. ಇವ ನಮ್ಮವ ಅಂತ ಒಮ್ಮೆ ತೋರಿಸಿಕೊಟ್ಟರೆ ಮುಂದೆ ದೂರದಿಂದ ಕರೆದರೂ ಓಗೊಡಬೇಕು, ಅಷ್ಟೇ ಅಲ್ವಾ ಗುರೂಜಿ? ಅಷ್ಟೇ. ನಾನು ಕೂತು ಯೋಚಿಸಿದ್ದರೂ ಇಷ್ಟು ಸರಿಯಾದ ಮಾತು ನನಗೆ ಸಿಗುತ್ತಿರಲಿಲ್ಲ.

ಅವರು ಬರೆದ ಕಾಗದ ಸ್ವಲ್ಪ ತಿದ್ದಿ ಇಲ್ಲಿ ಕೊಡುತ್ತೇನೆ. ಪ್ಲೇಸ್ಟೇಷನ್ 4 ಇದ್ದವರಿಗೆ ಉಪಯೋಗವಾದೀತು.

1. ಡಬ್ಬಿ ಚಾಲೂ ಮಾಡಿ, ಟಿವಿಯಲ್ಲಿ ಚಿತ್ರ ಬರಲಿ.
2. ಮಾತಾಡುವ ವೈರು ತೆಗೆದುಕೊಳ್ಳಿ. ಬರೀ ಚಾರ್ಜಿನ ವೈರು ನಡೆಯುವುದಿಲ್ಲ. ಮೊಬೈಲು–ಕಂಪ್ಯೂಟರಿಗೆ ಹಚ್ಚಿ ಮೊದಲು ಪರೀಕ್ಷೆ ಮಾಡಿ.
3. ಒಂದು ತುದಿ ಡಬ್ಬಿಗೆ, ಒಂದು ತುದಿ ರಿಮೋಟಿಗೆ. ನಡುವಿನ ಪಿಎಸ್ ಗುಂಡಿ ಒತ್ತಿ.
4. ದೀಪ ಮಿಣುಕುವುದು ನಿಂತು ಒಂದೇ ಬಣ್ಣ ಉಳಿದರೆ ಗುರ್ತು ಹತ್ತಿತು. ಚಾರ್ಜ್ ಆದ ಮೇಲೆ ವೈರು ತೆಗೆಯಿರಿ.
5. ಎರಡನೆಯ ರಿಮೋಟಿಗೂ ಹೀಗೇ. ಯಾರು ಆಡುವವರು ಅಂತ ಕೇಳಿದರೆ ಹೆಸರು ಆರಿಸಿ, ಇಲ್ಲವೆ ಅತಿಥಿ ಅಂತ ಒಳಗೆ ಹೋಗಿ.
6. ಹತ್ತಲಿಲ್ಲವೆಂದರೆ ರಿಮೋಟಿನ ಬೆನ್ನಿಗೆ, ಎಲ್2 ಗುಂಡಿಯ ಹತ್ತಿರ ಒಂದು ಸಣ್ಣ ತೂತು ಇದೆ. ಡಬ್ಬಿ ಬಂದ್ ಮಾಡಿ, ಆ ತೂತಿನಲ್ಲಿ ಪಿನ್ನಿನಿಂದ ಐದರ ತನಕ ಎಣಿಸುತ್ತಾ ಒತ್ತಿ ಹಿಡಿಯಿರಿ. ಹಳೆಯದು ಮರೆತುಹೋಗುತ್ತದೆ. ಮತ್ತೆ ಮೊದಲಿನಿಂದ ಮಾಡಿ.
7. ಈ ರಿಮೋಟು ಒಂದು ಸಲಕ್ಕೆ ಒಂದೇ ಡಬ್ಬಿಯ ಗುರ್ತು ಇಟ್ಟುಕೊಳ್ಳುತ್ತದೆ. ಗೆಳೆಯನ ಮನೆಗೆ ಒಯ್ದು ಆಡಿದರೆ ತಿರುಗಿ ಬಂದ ಮೇಲೆ ಮತ್ತೆ ವೈರು ಹಚ್ಚಬೇಕು.

ಏಳನೆಯದನ್ನು ಬರೆಯುವಾಗ ಒಬ್ಬ, "ಅಂದ್ರ ಹಳೇದು ಪೂರಾ ಮರೀತದೇನ್ರಿ?" ಅಂದ. ಪೂರಾ ಮರೆಯುತ್ತದೆ. ಅದು ಯಂತ್ರ. ಉದಗೀರದವರನ್ನು 1956ರಲ್ಲಿ ಬೇರೆ ಡಬ್ಬಿಗೆ ಹಚ್ಚಿದರು, ಆದರೂ ಮದುವೆ ಗಂಟು ಬೀದರ ಕಡೆ ಹಾಕುವುದನ್ನು ಅವರೇನೂ ಮರೆಯಲಿಲ್ಲ. ಇದನ್ನು ತರಗತಿಯಲ್ಲಿ ಹೇಳಲಿಲ್ಲ, ನನ್ನೊಳಗೇ ಅಂದುಕೊಂಡೆ.

ಗಾಳಿಯಲ್ಲಿ ಮಾತು ಹೋಗುವುದು ಹೇಗೆ ಅನ್ನುವುದಕ್ಕೆ ಇನ್ನೆರಡು ತಾಸು ಹಿಡಿಯಿತು. ಈ ರಿಮೋಟುಗಳ ನಡುವಿನ ಭಾಷೆಯ ಹೆಸರು ಬ್ಲೂಟೂತ್. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಇದರ ಕೆಲಸ ಶುರುವಾಯಿತು. 1997ರಲ್ಲಿ ಇಂಟೆಲ್ಲಿನ ಜಿಮ್ ಕಾರ್ಡಾಕ್ ಈ ಹೆಸರು ಸೂಚಿಸಿದರು. ಅದು ಹತ್ತನೆಯ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡನ ಅಡ್ಡಹೆಸರು, ನೀಲಿ ಹಲ್ಲಿನವ ಅಂತ. ಒಡೆದು ಹೋಗಿದ್ದ ಜನರನ್ನು ಒಟ್ಟಿಗೆ ತಂದವ ಅನ್ನುವುದು ಅವನ ಖ್ಯಾತಿ. ಬೇರೆ ಬೇರೆ ಕಂಪನಿಯ ಯಂತ್ರಗಳನ್ನು ಮಾತಾಡಿಸಲಿಕ್ಕೆ ಆ ಹೆಸರು ಸರಿಹೋಯಿತು. ಮೊಬೈಲಿನಲ್ಲಿ ಕಾಣುವ ಆ ನೀಲಿ ಗುರುತು ಕೂಡ ಅವನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಕೂಡಿಸಿ ಬರೆದದ್ದು. ಒತ್ತಕ್ಷರ ಇದ್ದ ಹಾಗೆ ನೋಡ್ರಿ ಅಂದೆ, ಕನ್ನಡ ಮಕ್ಕಳಿಗೆ ತಕ್ಷಣ ತಿಳಿಯಿತು.

ಬ್ಲೂಟೂತು 2.4 ಗಿಗಾಹರ್ಟ್ಸ್ ಹತ್ತಿರದ ತರಂಗಗಳನ್ನು ಬಳಸುತ್ತದೆ. ವೈಫೈ ಕೂಡ ಅಲ್ಲೇ ಓಡಾಡುತ್ತದೆ. ನಮ್ಮ ದೇಶದಲ್ಲಿ 2005ರಲ್ಲಿ ಆ ಪಟ್ಟಿಗೆ ಲೈಸನ್ಸು ಬೇಡ ಅಂತಾಯಿತು. ಅಷ್ಟು ಗದ್ದಲದ ಬಜಾರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಲ್ಲ? ಅದಕ್ಕೆ ಉಪಾಯ: ಮೂಲ ಬ್ಲೂಟೂತಿನಲ್ಲಿ 79 ಗಲ್ಲಿಗಳಿವೆ ಅಂದುಕೊಳ್ಳಿ. ಡಬ್ಬಿಯೂ ರಿಮೋಟೂ ಸೆಕೆಂಡಿಗೆ 1600 ಸಲ ಗಲ್ಲಿ ಬದಲಿಸುತ್ತಾ ಓಡುತ್ತವೆ. ಯಾವ ಗಲ್ಲಿಯ ನಂತರ ಯಾವುದು ಅನ್ನುವ ಲೆಕ್ಕ ಇಬ್ಬರಿಗೂ ಗೊತ್ತು, ಬೇರೆಯವರಿಗೆ ಗೊತ್ತಿಲ್ಲ. ಗುರ್ತು ಹಿಡಿಸುವಾಗ ವಿಳಾಸ, ಗುಟ್ಟಿನ ಕೀಲಿ ಬದಲಾಯಿಸಿಕೊಂಡಿರುತ್ತವೆ. ಆಮೇಲೆ ಡಬ್ಬಿಯ ವಿಳಾಸ, ಗಡಿಯಾರ ಹಿಡಿದು ರಿಮೋಟೂ ಅದರ ಜೊತೆಗೇ ಓಡುತ್ತದೆ. ಮೈದಾನದಲ್ಲಿ ಸುಣ್ಣದಿಂದ ಏಳು ಮನೆ ಬರೆದು, ಇಬ್ಬರಿಗೆ ಗುಟ್ಟಾಗಿ ಒಂದೇ ಅಂಕಿಯ ಸಾಲು ಕೊಟ್ಟು ಜಿಗಿಸಿದೆ. ಚಪ್ಪಾಳೆಗೊಂದು ಜಿಗಿತ. ಅವರಿಬ್ಬರು ಪ್ರತಿ ಸಲವೂ ಒಂದೇ ಮನೆಯಲ್ಲಿ, ಮೂರನೆಯವ ಹಿಡಿಯಲಿಕ್ಕೆ ಹೋಗಿ ದಣಿದ. ನೀವೂ ಆಡಿಸಿ ನೋಡಿ, ಸಣ್ಣ ತರಗತಿಗೂ ತಿಳಿಯುತ್ತದೆ.

ಹೀಗೆ ತರಂಗ ಜಿಗಿಸುವ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದ ಇಬ್ಬರಲ್ಲಿ ಒಬ್ಬಾಕೆ ಸಿನಿಮಾ ನಟಿ, ಹೆಡಿ ಲಮಾರ್. ಇನ್ನೊಬ್ಬ ಸಂಗೀತಗಾರ ಜಾರ್ಜ್ ಆಂಥೈಲ್. ಪಿಯಾನೋದ 88 ಕೀಲಿಗಳಂತೆ ಅವರ ಲೆಕ್ಕದಲ್ಲಿ 88 ತರಂಗಗಳು. ಸಿನಿಮಾದಾಕಿ ಇಷ್ಟು ಶ್ಯಾಣ್ಯಾ ಇದ್ಲೇನ್ರಿ ಅಂತ ಹುಡುಗಿಯರು ಎರಡು ಸಲ ಕೇಳಿದರು.

ಇಷ್ಟೆಲ್ಲ ಆದ ಮೇಲೆ ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಡಬ್ಬಿಯ ಪರದೆಯಲ್ಲಿ ಕನ್ನಡ ಇಲ್ಲ. ಮಕ್ಕಳು ಆ ನಾಲ್ಕು ಸಾಲು ಇಂಗ್ಲಿಷನ್ನು ಓದಲೇಬೇಕು, ನಾವು ಕಲಿಸಲೇಬೇಕು. ಆದರೆ ಓದಿದ್ದು ಕೆಲಸ ಮಾಡದಿದ್ದಾಗ ಯಾಕೆ ಅಂತ ಹುಡುಕುವ ಬುದ್ಧಿ ಇದೆಯಲ್ಲ, ಅದು ಮಗು ಕನಸು ಕಾಣುವ ಭಾಷೆಯಲ್ಲಿ ಬೇಗ ಓಡುತ್ತದೆ. "ಮ್ಯಾಲ ಒಂದು ಸಾಲು ಬಂತು" ಅಂತ ಅಂಜದೆ ಹೇಳಿದ್ದು ಅದು ಅವಳ ಮನೆಯ ಮಾತಾದ್ದರಿಂದ. ಹೊಸ ಭಾಷೆಯಲ್ಲಿ ಶಬ್ದ ಹುಡುಕುತ್ತಾ ನಿಂತಿದ್ದರೆ ಅಷ್ಟರಲ್ಲಿ ದೊಡ್ಡ ಹುಡುಗರು ವೈರೆಲ್ಲ ಸುತ್ತಿಟ್ಟಿರುತ್ತಿದ್ದರು.

ಆ ತಾಯಿಗೆ ನಾನು ಇದೇನನ್ನೂ ಭಾಷಣ ಮಾಡಲಿಲ್ಲ. ಮಗಳು ಮನೆಗೆ ಹೋಗಿ ಕತ್ತರಿಸಿದ ವೈರು ತೋರಿಸಿ ಕೆಂಪು, ಕಪ್ಪು, ಹಸಿರು, ಬಿಳಿ ಅಂತ ಪಾಠ ಮಾಡಿದಳಂತೆ. ಪರೀಕ್ಷೆ ಬಂದಾಗ ಅವರು ಡಬ್ಬಿ ಮುಚ್ಚಿಡಲಿಲ್ಲ, ಕರೀ ವೈರನ್ನು ಮಾತ್ರ ಜೋಳದ ಡಬ್ಬದಲ್ಲಿ ಹುಗಿದಿಟ್ಟರು. ಚಾರ್ಜಿಲ್ಲದೆ ರಿಮೋಟುಗಳು ತಾವೇ ಸುಮ್ಮನಾದವು! ಈ ಉಪಾಯವನ್ನು ಅವರಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ.

ಜೂನಿನಲ್ಲಿ ಸಣ್ಣಾಕಿ ನಮ್ಮಲ್ಲೇ ಐದನೆಯ ತರಗತಿಗೆ ಬಂದಳು. "ಇದೊಂದು ವರ್ಷ ನೋಡ್ತೀವ್ರಿ ಗುರೂಜಿ" ಅಂದರು ತಾಯಿ. ಒಂದು ವರ್ಷ. ಅಷ್ಟು ಸಿಕ್ಕಿತು. ಅಣ್ಣನಿಗೆ ಆ ಪ್ರಶ್ನೆಯೇ ಇರಲಿಲ್ಲ. ನಮ್ಮಲ್ಲಿ ಏಳರ ತನಕ ಮಾತ್ರ ಇದೆ, ಹತ್ತಿರದಲ್ಲಿ ಕನ್ನಡ ಹೈಸ್ಕೂಲು ಇಲ್ಲ, ಅವ ಮರಾಠಿ ಶಾಲೆಗೆ ಹೋದ. ಒಂದು ದಿನ ದಾರಿಯಲ್ಲಿ ಸಿಕ್ಕು, ಆ ಏಳು ಸಾಲಿನ ಕಾಗದವನ್ನು ಹೊಸ ಗೆಳೆಯರಿಗಾಗಿ ಮರಾಠಿಯಲ್ಲಿ ಬರೆದುಕೊಟ್ಟೆ ಅಂದ. ಎರಡು ಭಾಷೆಯ ಹುಡುಗ, ಅವನಿಗೇನು ಕಷ್ಟ.

"ಗುರ್ತು ಹಿಡಿಸೋದಕ್ಕೆ ಮರಾಠಿಯಲ್ಲಿ ಏನು ಬರೆದಿ?" ಅಂತ ಕೇಳಿದೆ.

"ಓಳಖ್ ಕರೂನ್ ದೇಣೇ ಅಂತ ಬರ್ದೀನ್ರಿ. ಪರಿಚಯ ಮಾಡ್ಸೋದು."

ಸರಿಯಾಗಿಯೇ ಇದೆ. ಜತ್ತ, ಅಕ್ಕಲಕೋಟ, ಕಾಸರಗೋಡಿನ ಮಾಸ್ತರರು, ಬಾಯಿಯವರು ಯಾರಾದರೂ ಓದುತ್ತಿದ್ದರೆ ನಿಮ್ಮ ಮಕ್ಕಳನ್ನೂ ಕೇಳಿ ನೋಡಿ, ಅವರು ಇದಕ್ಕೆ ಏನನ್ನುತ್ತಾರೆ ಅಂತ. ನಮ್ಮದಕ್ಕಿಂತ ಒಳ್ಳೆಯ ಶಬ್ದ ಸಿಕ್ಕರೆ ತಿಳಿಸಿ, ಕಾಗದ ತಿದ್ದಿಕೊಳ್ಳುತ್ತೇವೆ.